ಡಿ. ಎನ್. ರೋಡಿನ ಜಗಲಿ

ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಏಳೂವರೆ. ಫ್ಲೋರಾ ಫೌಂಟನ್ ಹತ್ತಿರ ನಾವು ಹದಿನೈದು ಇಪ್ಪತ್ತು ಮಂದಿ ಸೇರಿದ್ದೆವು. ಹೆರಿಟೇಜ್ ವಾಕ್. ಡೊಂಬಿವಿಲಿಯಿಂದ ಐದೂಮುಕ್ಕಾಲಿನ ಲೋಕಲ್ ಹಿಡಿದು ಬಂದ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಕಾರಿನಲ್ಲಿ ಬಂದವರು. ಗೈಡ್ ಹುಡುಗಿ ಚುರುಕಾಗಿದ್ದಳು, ಓದಿಕೊಂಡಿದ್ದಳು. ಹೊರಡುವ ಮೊದಲು ಒಂದು ಮಾತು ಹೇಳಿದಳು: "ಈ ರಸ್ತೆಯಲ್ಲಿ ತಲೆ ಎತ್ತಿ ನಡೆಯಿರಿ. ಕೆಳಗಿರುವುದು ಬರೀ ಅಂಗಡಿ. ನೋಡುವಂಥದ್ದೆಲ್ಲ ಮೇಲೆ."

ಎರಡು ಗಂಟೆ ತಲೆ ಎತ್ತಿಕೊಂಡೇ ನಡೆದೆವು. ಗುಮ್ಮಟ, ಗೋಪುರ, ಕಲ್ಲಿನ ಎಲೆಬಳ್ಳಿ, ಹಲ್ಲಿಯ ಬಾಲ, ನವಿಲಿನ ಗರಿ. ಸಂಜೆ ಮನೆಗೆ ಬಂದು ಅಪ್ಪಯ್ಯನಿಗೆ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆ. ಆರು ವರ್ಷ ದಿನಕ್ಕೆರಡು ಬಾರಿ ಅದೇ ರಸ್ತೆಯಲ್ಲಿ ಓಡಾಡಿದವರು ಅವರು. ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು. ಅರ್ಧಕ್ಕರ್ಧ ಗುರುತೇ ಸಿಗಲಿಲ್ಲ. "ಇದೆಲ್ಲ ಅಲ್ಲೇ ಇದ್ದಿತಾ?" ಎಂದರು. ಆಮೇಲೆ ನಕ್ಕು, "ಮೇಲ್ ಕಾಣುಕೆ ನಮ್ಗೆ ಪುರ್ಸೊತ್ತ್ ಎಲ್ಲಿದ್ದಿತ್ ಮಗಾ? ನಮ್ದೆಲ್ಲ ಕೆಳ್ಗೇ" ಎಂದರು.

ಈ ಬರಹ ಹುಟ್ಟಿದ್ದು ಆ 'ಮೇಲೆ' ಮತ್ತು 'ಕೆಳಗೆ'ಗಳ ಜಗಳದಲ್ಲಿ. ಮುಂಬಯಿಯ ದಾದಾಭಾಯಿ ನವರೋಜಿ ರಸ್ತೆಯನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ಆದರೆ ಹೊಗಳಿಕೆಯೆಲ್ಲ ಎರಡನೇ ಮಹಡಿಯಿಂದ ಶುರುವಾಗುತ್ತದೆ. ನನ್ನ ತಕರಾರು ಅದೇ. ಈ ರಸ್ತೆಯ ಹೆಚ್ಚುಗಾರಿಕೆ ಇರುವುದು ನೆಲಮಟ್ಟದಲ್ಲಿ, ಸಾಲುಗಟ್ಟಿದ ಕಮಾನುಗಳ ಅಡಿಯ ಆ ಹತ್ತು ಹನ್ನೆರಡು ಅಡಿ ಅಗಲದ ದಾರಿಯಲ್ಲಿ. ಅದನ್ನು ಬಿಟ್ಟು ಮಾಡುವ ಯಾವ ವರ್ಣನೆಯೂ ಮನೆಯ ಬಗ್ಗೆ ಹೇಳುತ್ತ ಬಾಗಿಲನ್ನೇ ಮರೆತಂತೆ.

ರಸ್ತೆ ದೊಡ್ಡದೇನಲ್ಲ. ಉತ್ತರದಲ್ಲಿ ಕ್ರಾಫರ್ಡ್ ಮಾರ್ಕೆಟ್, ನಡುವೆ ಬೋರಿಬಂದರಿನ ರೈಲು ನಿಲ್ದಾಣ, ದಕ್ಷಿಣದಲ್ಲಿ ಫ್ಲೋರಾ ಫೌಂಟನ್. ನಿಧಾನವಾಗಿ ನಡೆದರೂ ಅರ್ಧ ಗಂಟೆಯ ದಾರಿ. ಒಂದು ಕಾಲಕ್ಕೆ ಇಲ್ಲಿ ರಸ್ತೆಯಲ್ಲ, ಕೋಟೆಗೋಡೆಯಿತ್ತು. ಈಸ್ಟ್ ಇಂಡಿಯಾ ಕಂಪನಿ ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಆ ಗೋಡೆಗೆ ಮೂರು ಬಾಗಿಲು: ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. ಇಂದಿಗೂ 'ಫೋರ್ಟ್' ಎನ್ನುತ್ತೇವಲ್ಲ, ಕೋಟೆ ಹೋಗಿ ಹೆಸರು ಉಳಿದದ್ದು. ಗೋಡೆಯ ಒಳಮಗ್ಗುಲಲ್ಲಿ ಓಡುತ್ತಿದ್ದ ಇಕ್ಕಟ್ಟಿನ ಓಣಿಗೆ 1771ರಿಂದ 1784ರವರೆಗೆ ಗವರ್ನರ್ ಆಗಿದ್ದ ವಿಲಿಯಂ ಹಾರ್ನ್‌ಬಿಯ ಹೆಸರು ಬಿತ್ತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಗೋಡೆ ಕೆಡವಿಸಿದ. ಓಣಿ ಹಿಗ್ಗಿ ಹಾರ್ನ್‌ಬಿ ರೋಡ್ ಆಯಿತು.

ಗೋಡೆ ಕೆಡವಲು ಧೈರ್ಯ ಬಂದದ್ದು ಹತ್ತಿಯಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಲಂಕಾಶೈರಿನ ಗಿರಣಿಗಳಿಗೆ ಸಿಗದಂತಾಯಿತು. ಹಿಂದೂಸ್ತಾನದ ಹತ್ತಿಯ ಬೆಲೆ ಆಕಾಶಕ್ಕೇರಿ ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಯುದ್ಧ ಮುಗಿದ 1865ರಲ್ಲಿ ಅಷ್ಟೇ ಬೇಗ ಇಳಿಯಿತು, ಎಷ್ಟೋ ಮನೆತನಗಳು ದಿವಾಳಿಯೆದ್ದವು. ಈ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಆ ಹತ್ತಿಯಲ್ಲಿ ಒಂದು ಪಾಲು ಧಾರವಾಡದ ಕರಿನೆಲದ್ದು ಎಂಬುದನ್ನು ಮಾತ್ರ ನಾವೇ ಹೇಳಿಕೊಳ್ಳಬೇಕು. ಅಮೆರಿಕದ ತಳಿಯ ಬೀಜ ತಂದು ಅಲ್ಲಿ ಬೆಳೆಸಿದ ಹತ್ತಿ 'ಧಾರವಾರ್ ಅಮೆರಿಕನ್' ಎಂಬ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು, ಅದಕ್ಕೂ ಹತ್ತಿ ಮತ್ತು ಕಾರವಾರದ ಬಂದರಿನ ಆಸೆಯೇ ಕಾರಣ. (ನಮ್ಮ ಕುಂದಾಪುರ ಮದ್ರಾಸಿನ ಪಾಲಿಗೇ ಉಳಿಯಿತು. ಹಾಗಾಗಿ ನಮ್ಮ ಅಜ್ಜನ ಕಾಲದವರಿಗೆ ಮುಂಬಯಿ ರಾಜಧಾನಿಯಾಗಿರಲಿಲ್ಲ, ಅನ್ನ ಸಿಗುವ ಊರು ಅಷ್ಟೆ.) ಗದಗದ ಕಡೆಯವರೊಬ್ಬರು ಈ ರಸ್ತೆಯಲ್ಲಿ ನಡೆಯುತ್ತ 'ಇದರಲ್ಲಿ ನಮ್ಮದೂ ಒಂದು ಕಲ್ಲಿದೆ' ಎಂದುಕೊಂಡರೆ ತಪ್ಪಿಲ್ಲ.

ಇನ್ನು ಆ ನಿಯಮದ ಮಾತು. ರಸ್ತೆ ಅಗಲವಾದ ಮೇಲೆ, 1885ರಿಂದ 1919ರವರೆಗೆ, ಮುಖ್ಯವಾಗಿ ಪಶ್ಚಿಮದ ಬದಿಯಲ್ಲಿ, ಸಾಲಾಗಿ ಕಟ್ಟಡಗಳೆದ್ದವು. ಕಟ್ಟಿಸಿದವರು ಬೇರೆಬೇರೆ, ವಾಸ್ತುಶಿಲ್ಪಿಗಳು ಬೇರೆಬೇರೆ, ಶೈಲಿಯಂತೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಗೋಥಿಕ್, ಪಕ್ಕದ್ದು ಗ್ರೀಕ್ ಕಂಬಗಳದ್ದು, ಅದರಾಚೆ ಮೊಗಲ್ ಗುಮ್ಮಟದ್ದು. ಬಿಟ್ಟಿದ್ದರೆ ಮದುವೆಮನೆಗೆ ಬಂದ ನೆಂಟರ ಹಾಗೆ ಒಬ್ಬೊಬ್ಬರು ಒಂದೊಂದು ಬಣ್ಣವಾಗುತ್ತಿತ್ತು. ಹಾಗಾಗದಂತೆ ತಡೆದದ್ದು 1896ರ ಸರ್ಕಾರಿ ನಿಯಮ: ಈ ರಸ್ತೆಯಲ್ಲಿ ಯಾರು ಏನೇ ಕಟ್ಟಲಿ, ನೆಲಮಹಡಿಯ ಮುಂಭಾಗವನ್ನು ಕಮಾನುಗಳ ಕೈಸಾಲೆಯಾಗಿ ನಡೆಯುವವರಿಗೆ ಬಿಡಬೇಕು. ಮೇಲಿನ ಮಹಡಿಗಳು ಆ ಕೈಸಾಲೆಯ ಮೇಲೆ ಚಾಚಿಕೊಂಡವು. ಒಡೆಯನಿಗೆ ಮೇಲೆ ಜಾಗ, ದಾರಿಹೋಕನಿಗೆ ಕೆಳಗೆ ನೆರಳು. ಹೀಗೊಂದು ಕೊಡುಕೊಳ್ಳುವಿಕೆ.

ಸೊಗಸಿನ ಬಗ್ಗೆ ಈ ನಿಯಮ ಒಂದು ಮಾತೂ ಆಡಲಿಲ್ಲ. ನಿನ್ನ ಕಟ್ಟಡ ಗೋಥಿಕ್ ಆಗಿರಲಿ ಎನ್ನಲಿಲ್ಲ, ಗುಮ್ಮಟ ಇಡು, ಬೇಡ ಎನ್ನಲಿಲ್ಲ. ದಾರಿ ಬಿಡು ಎಂದಿತು, ಅಷ್ಟೆ. ಅದೊಂದರಿಂದಲೇ ನೂರು ತರದ ಕಟ್ಟಡಗಳು ಒಂದು ರಸ್ತೆಯಾದವು. ಇಂದು ಅದೇ ಕಾಲದ ಬೇರೆ ರಸ್ತೆಗಳಲ್ಲಿ ಒಳ್ಳೆಯ ಕಟ್ಟಡಗಳಿವೆ, ರಸ್ತೆ ಇಲ್ಲ. ನಮ್ಮ ಊರುಗಳ ಹೊಸ ಬಡಾವಣೆಗಳನ್ನು ನೋಡಿ, ಒಬ್ಬೊಬ್ಬನೂ ತನ್ನ ಕಾಂಪೌಂಡಿನ ಒಳಗೆ ಚೆನ್ನಾಗಿ ಕಟ್ಟಿದ್ದಾನೆ, ಹೊರಗೆ ಕಾಲಿಡಲು ಚರಂಡಿಯ ಕಲ್ಲು.

ಮಳೆಗಾಲದಲ್ಲಿ ಬಂದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಜುಲೈ ತಿಂಗಳು, ಸಂಜೆ ಆರು, ಆಫೀಸು ಬಿಡುವ ಹೊತ್ತು. ಬೀದಿಯ ಮೇಲೆ ನೀರು ಗೋಡೆಯ ಹಾಗೆ ಬೀಳುತ್ತಿರುತ್ತದೆ, ಕಮಾನಿನ ಒಳಗೆ ಸಾವಿರಾರು ಜನ ಒದ್ದೆಯಾಗದೆ ಬೋರಿಬಂದರಿನ ಕಡೆ ಹರಿಯುತ್ತಿರುತ್ತಾರೆ. ಕೊಡೆಗಳು ಮಡಿಸಿರುತ್ತವೆ. ಎರಡು ಕಟ್ಟಡಗಳ ನಡುವೆ ಓಣಿ ಬಂದಾಗ ಮಾತ್ರ ಫಟಫಟನೆ ಬಿಚ್ಚಿಕೊಂಡು, ದಾಟಿ, ಮತ್ತೆ ಮಡಿಸಿಕೊಳ್ಳುತ್ತವೆ. ಕಲ್ಲಿನ ಹಲ್ಲಿ, ನವಿಲುಗಳನ್ನು ಆ ಹೊತ್ತು ಯಾರೂ ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ.

ಅಪ್ಪಯ್ಯ ಇದಕ್ಕೆ ಇಟ್ಟಿರುವ ಹೆಸರು 'ಜಗಲಿ'. "ಜಗಲಿ ಮೇಲೇ ಹೋಪ್ದು, ಜಗಲಿ ಮೇಲೇ ಬಪ್ಪುದು." ಈ ಮಾತು ನನಗೆ ಯಾವ ಪುಸ್ತಕದಲ್ಲೂ ಸಿಗದ ವಿಮರ್ಶೆಯಾಗಿ ಕಂಡಿತು. ನಮ್ಮ ಕರಾವಳಿಯ ಮನೆಗಳಲ್ಲಿ ಜಗಲಿ ಮನೆಯದ್ದೂ ಹೌದು, ದಾರಿಯದ್ದೂ ಹೌದು. ಅಡಿಕೆ ವ್ಯಾಪಾರಿ, ಬಳೆಗಾರ, ಮಳೆಗೆ ಸಿಕ್ಕ ಅಪರಿಚಿತ, ಎಲ್ಲರೂ ಅಲ್ಲಿಗೆ ಬರಬಹುದು. ಒಳಗೆ ಯಾರು, ಹೊರಗೆ ಯಾರು ಎಂಬ ಜಾತಿಯ ಲೆಕ್ಕವೂ ಆ ಜಗಲಿಯಲ್ಲೇ ನಡೆಯುತ್ತಿತ್ತು ಎಂಬುದನ್ನು ಮರೆತು ಮಾತಾಡುತ್ತಿಲ್ಲ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

'ವಸಾಹತುಶಾಹಿ ವೈಭವ' ಎಂಬ ಮಾತು ಈ ರಸ್ತೆಯ ಬಗ್ಗೆ ಬಹಳ ಕೇಳುತ್ತದೆ, ಹೊಗಳುವವರ ಬಾಯಲ್ಲೂ ತೆಗಳುವವರ ಬಾಯಲ್ಲೂ. ಅರ್ಧ ಸತ್ಯ. ಇಲ್ಲಿಯ ಹಣದಲ್ಲಿ ದೊಡ್ಡ ಪಾಲು ಪಾರ್ಸಿಗಳದ್ದು. 1898ರ ಜೆ. ಎನ್. ಪೆಟಿಟ್ ಇನ್‌ಸ್ಟಿಟ್ಯೂಟ್ ನೋಡಿ, ಹೊರಗೆ ಇಂಗ್ಲೆಂಡಿನ ಚರ್ಚಿನ ಹಾಗಿರುವ ಕಟ್ಟಡ, ಒಳಗೆ ಪಾರ್ಸಿ ಮನೆತನದ ದಾನದಿಂದ ನಡೆದ ವಾಚನಾಲಯ. ವಾಚಾ ಅಗಿಯಾರಿಯ ಬಾಗಿಲಲ್ಲಿ ರೆಕ್ಕೆಯಿರುವ, ಮನುಷ್ಯಮುಖದ ಎರಡು ಗೂಳಿಗಳು ನಿಂತಿವೆ. ಇಂಗ್ಲಿಷರ ಊರಿನಲ್ಲಿ, ಇಂಗ್ಲಿಷರ ರಸ್ತೆಯಲ್ಲಿ, ಅಸ್ಸೀರಿಯದ ಅರಮನೆಯ ಕಾವಲು ಗೂಳಿಗಳು! ತಮ್ಮ ಮೂಲ ಪಶ್ಚಿಮ ಏಷ್ಯಾದ್ದು ಎಂದು ಹೇಳಿಕೊಳ್ಳಲು ಆ ವಲಸಿಗರು ಹುಡುಕಿಕೊಂಡ ದಾರಿ ಅದು. ಸಂಘದ ಕಟ್ಟಡದ ಮೇಲೆ ಯಕ್ಷಗಾನದ ಕಿರೀಟ ಕೂರಿಸುವ ನಮಗೆ ಇದು ಅರ್ಥವಾಗದೆ ಇರುತ್ತದೆಯೆ.

ಎರಡು ದೊಡ್ಡ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಎರಡೂ ಎಫ್. ಡಬ್ಲ್ಯು. ಸ್ಟೀವನ್ಸ್‌ನ ಕೈಯವು: 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿದ ರೈಲು ನಿಲ್ದಾಣ, ಎದುರಿಗೆ 1893ರ ಮಹಾನಗರಪಾಲಿಕೆ. ವಿಕ್ಟೋರಿಯಾ ಟರ್ಮಿನಸ್ ಎಂದಿದ್ದದ್ದು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2017ರಲ್ಲಿ ಹೆಸರಿಗೆ 'ಮಹಾರಾಜ್' ಸೇರಿತು. ಗೇಟಿನ ಒಂದು ಕಂಬದ ಮೇಲೆ ಬ್ರಿಟನ್ನಿನ ಸಿಂಹ, ಇನ್ನೊಂದರ ಮೇಲೆ ಭಾರತದ ಹುಲಿ. ಅದ್ಭುತ ಕಟ್ಟಡ, ಇಲ್ಲವೆನ್ನುವವರಾರು. ಆದರೆ ನನಗೆ ಅದು ರಸ್ತೆಯ ಜೊತೆ ಮಾತಾಡುವ ಕಟ್ಟಡ ಎನಿಸಿಲ್ಲ. ಬೇಲಿ ಹಾಕಿಕೊಂಡು ದೂರ ನಿಂತು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಅದರ ಎದುರು ನಿಂತವನು ನೋಡುಗ, ಕಮಾನಿನ ಅಡಿ ನಿಂತವನು ಊರಿನವನು.

ದಾದಾಭಾಯಿಯವರ ಹೆಸರನ್ನು ಈ ರಸ್ತೆಗಿಟ್ಟವರು ಬೇಕೆಂದೇ ವ್ಯಂಗ್ಯ ಮಾಡಿದರೋ, ತಾನಾಗಿ ಆಯಿತೋ. ಹಿಂದೂಸ್ತಾನದ ಸಂಪತ್ತು ಇಂಗ್ಲೆಂಡಿಗೆ ಹೇಗೆ ಸೋರಿಹೋಗುತ್ತಿದೆ ಎಂದು ಅಂಕಿಅಂಶ ಹಿಡಿದು ಜೀವಮಾನವಿಡೀ ಲೆಕ್ಕ ಹಾಕಿದ ಮನುಷ್ಯ, 1892ರಲ್ಲಿ ಅದೇ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಿ ಹೋದವರು. 1901ರಲ್ಲಿ ಅವರ ದೊಡ್ಡ ಪುಸ್ತಕ ಬಂದಾಗ ಈ ರಸ್ತೆಯಲ್ಲಿ ಹೊಸಹೊಸ ಕಟ್ಟಡಗಳೇಳುತ್ತಿದ್ದವು. ಇಂಗ್ಲೆಂಡಿನ ಸಾಮಾನು ಮಾರುತ್ತಿದ್ದ ವೈಟ್‌ವೇ ಲೇಡ್ಲಾ ಎಂಬ ದೊಡ್ಡ ಅಂಗಡಿಯ ಕಟ್ಟಡಕ್ಕೆ ಮುಂದೆ ಖಾದಿ ಭಂಡಾರ ಬಂತು. ಅದೇ ಕಮಾನು, ಅದೇ ಗಾಜಿನ ಕಪಾಟು, ಒಳಗಿನ ಬಟ್ಟೆ ಬದಲು. ದಾದಾಭಾಯಿಯವರ ಲೆಕ್ಕಕ್ಕೆ ಇದಕ್ಕಿಂತ ಚೆನ್ನಾದ ಟಿಪ್ಪಣಿ ಬೇಕೆ. ಅವರ ಪ್ರತಿಮೆ ರಸ್ತೆಯ ದಕ್ಷಿಣದ ತುದಿಯಲ್ಲಿ ಕುಳಿತಿದೆ. ಆ ದಿನ ನಮ್ಮ ಗುಂಪು ಅಲ್ಲಿ ನಿಂತದ್ದು ಫೋಟೊ ತೆಗೆಯಲು ಬೇಕಾದಷ್ಟು ಹೊತ್ತು ಮಾತ್ರ.

ಈಗ ಕನ್ನಡದ ಮಾತಿಗೆ ಬರೋಣ. ಮುಂಬಯಿ ಕನ್ನಡ ಸಾಹಿತ್ಯ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಯಶವಂತ ಚಿತ್ತಾಲರ 'ಶಿಕಾರಿ', ವ್ಯಾಸರಾಯ ಬಲ್ಲಾಳರ 'ಬಂಡಾಯ', ಜಯಂತ ಕಾಯ್ಕಿಣಿಯವರ ಕಥೆಗಳು. ಇವನ್ನು ಓದಿಯೇ ನಾನು ಈ ಊರನ್ನು ನೋಡಲು ಕಲಿತದ್ದು. ಆದರೆ ಆ ವಾಕ್ ಮುಗಿಸಿ ಬಂದ ವಾರ ಮತ್ತೆ ಪುಟ ತಿರುವಿದಾಗ ಒಂದು ಅನುಮಾನ ಬಂತು. ನಮ್ಮ ಮುಂಬಯಿ ಕೋಣೆಗಳ ಮುಂಬಯಿ. ನಾಗಪ್ಪನನ್ನು ಬೆನ್ನಟ್ಟುವ ಬೇಟೆ ನಡೆಯುವುದು ಕಂಪನಿಯ ಕ್ಯಾಬಿನ್ನು, ಫೋನು, ಕಾಗದಪತ್ರಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಅವನ ತಲೆಯೊಳಗೆ. ಬಲ್ಲಾಳರದು ಗಿರಣಿ, ಕಾರ್ಮಿಕ ಸಂಘ. ಕಾಯ್ಕಿಣಿಯವರಲ್ಲಿ ಚಾಳು, ಸಿನಿಮಾ ಥಿಯೇಟರು, ಲೋಕಲ್ ರೈಲು, ಆಸ್ಪತ್ರೆ. ಕೋಣೆಯಿಂದ ಕೋಣೆಗೆ ಹೋಗಲು ಪಾತ್ರಗಳು ರಸ್ತೆಗೆ ಇಳಿಯುತ್ತವೆ, ದಾಟುತ್ತವೆ. ಆದರೆ ನಾನು ಓದಿದ ಮಟ್ಟಿಗೆ, ಒಂದು ರಸ್ತೆಯೇ ಕಥೆಯಾದದ್ದು ಕಡಿಮೆ.

ದೋಷವೆಂದು ಹೇಳುತ್ತಿಲ್ಲ. ಕೋಣೆಯೇ ಇಲ್ಲದೆ ಬಂದವರಿಗೆ ಕೋಣೆಯೇ ದೊಡ್ಡ ಕಥೆ. ಹೋಟೆಲಿನ ಬೆಂಚುಗಳನ್ನು ಜೋಡಿಸಿ ಮಲಗಿದ ಹುಡುಗನಿಗೆ ನಾಲ್ಕು ಗೋಡೆ ಕನಸು. ಆದರೆ ಆ ಹುಡುಗನಿಗೆ ಕೋಣೆ ಸಿಗುವವರೆಗಿನ ಹತ್ತು ವರ್ಷಗಳಲ್ಲಿ ಅವನು ಎಲ್ಲಿದ್ದ? ಅಡುಗೆಮನೆಯ ಹಿಂಬಾಗಿಲಿನಲ್ಲಿ ಮತ್ತು ರಸ್ತೆಯಲ್ಲಿ. ಆ ಅರ್ಧವನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ ಅನಿಸುತ್ತದೆ.

ಅಪ್ಪಯ್ಯ ಬಂದದ್ದು 1962ರಲ್ಲಿ, ಹದಿಮೂರನೇ ವಯಸ್ಸಿಗೆ. ಹಾರ್ನ್‌ಬಿ ರೋಡಿನ ಪೂರ್ವಕ್ಕೆ, ಹಳೆಯ ಕೋಟೆಯೊಳಗಿನ ಓಣಿಗಳಲ್ಲಿ ಒಂದು ಉಡುಪಿ ಹೋಟೆಲು. ಕಪ್ಪು ಬಸಿ ತೊಳೆಯುವ ಕೆಲಸ. ಸಂಜೆಯ ಗಿರಾಕಿ ಕಡಿಮೆಯಾದ ಮೇಲೆ ಫೋರ್ಟಿನ ಕನ್ನಡ ರಾತ್ರಿಶಾಲೆ. ರಾತ್ರಿಶಾಲೆಯ ಬಗ್ಗೆ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಬಹಳ ಬಂದಿದೆ, ಮತ್ತೆ ಹೇಳುವುದಿಲ್ಲ. ಆ ಸಂಚಿಕೆಗಳಲ್ಲಿ ಬರದಿರುವುದು ಹೋಟೆಲಿಗೂ ಶಾಲೆಗೂ ನಡುವಿನ ಆ ಹತ್ತು ನಿಮಿಷ. ಕಮಾನಿನ ಅಡಿಯ ಅಂಗಡಿಗಳು ಬಾಗಿಲು ಹಾಕಿದ ಮೇಲೂ ಗಾಜಿನೊಳಗೆ ದೀಪ ಉರಿಯುತ್ತಿತ್ತಂತೆ. ಕನ್ನಡಕ, ಕೈಗಡಿಯಾರ, ಕ್ಯಾಮೆರಾ. ಒಂದು ಅಂಗಡಿಯ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರಂತೆ, ಹೋಟೆಲಿನಲ್ಲಿ ಕನ್ನಡಿ ಇರಲಿಲ್ಲ. ಗಣಿತದ ಮಗ್ಗಿ ಬಾಯಿಪಾಠ ಮಾಡುತ್ತಿದ್ದದ್ದು ಕಂಬಗಳನ್ನು ಎಣಿಸುತ್ತ: ಕಂಬಕ್ಕೊಂದು ಲೆಕ್ಕ. ಟ್ರಾಮ್ ಇನ್ನೂ ಇತ್ತು. ಮುಂಬಯಿಯ ಕೊನೆಯ ಟ್ರಾಮ್ 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಹೋಯಿತು. 2017ರಲ್ಲಿ ಫ್ಲೋರಾ ಫೌಂಟನ್ ದುರಸ್ತಿ ನಡೆದಾಗ ನೆಲ ಅಗೆದರೆ ಹಳೆಯ ಟ್ರಾಮ್ ಹಳಿಗಳು ಸಿಕ್ಕವು. ಪೇಪರಿನಲ್ಲಿ ಬಂದ ಆ ಚಿತ್ರವನ್ನು ಅಪ್ಪಯ್ಯ ಇಂದಿಗೂ ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರೆ.

ರಾತ್ರಿಶಾಲೆ ಮುಗಿದ ಮೇಲೆ ಸಿದ್ಧಾರ್ಥ ಕಾಲೇಜು. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಈ ಕಾಲೇಜು ತೆರೆದರು. ದುಡಿದು ಓದುವವರಿಗಾಗಿ ಅಲ್ಲಿ ಬೆಳಗಿನ ತರಗತಿಗಳಿದ್ದವು. ಫೋರ್ಟಿನ ಆನಂದ ಭವನ, ಬುದ್ಧ ಭವನಗಳಲ್ಲಿ ಕುಳಿತು ಪದವಿ ಪಡೆದ ಹೋಟೆಲ್ ಹುಡುಗರು, ಗುಮಾಸ್ತರು ನಮ್ಮವರಲ್ಲಿ ಎಷ್ಟೋ ಮಂದಿ. ನಮ್ಮ ವಾಕ್ ಆನಂದ ಭವನದ ಮುಂದೆಯೇ ಹಾದುಹೋಯಿತು. ನಾವು ತಲೆ ಎತ್ತಿ ಎದುರುಬದಿಯ ಗೋಪುರ ನೋಡುತ್ತಿದ್ದೆವು. ನಾನು ಗೈಡಿಗೆ ಹೇಳಿದೆ. "ಹೌದಾ, ಅದು ಇಲ್ಲೇನಾ?" ಎಂದಳು. ಅವಳ ತಪ್ಪಲ್ಲ. ಅವಳು ಓದಿದ ಪುಸ್ತಕಗಳಲ್ಲಿ ಕಟ್ಟಡ ಕಟ್ಟಿದವರ ಹೆಸರಿರುತ್ತದೆ, ಅದರೊಳಗೆ ಓದಿ ಹೊರಬಂದವರ ಹೆಸರಿರುವುದಿಲ್ಲ. ನನ್ನ ಮಟ್ಟಿಗೆ ಈ ರಸ್ತೆಯಲ್ಲಿ ಅದಕ್ಕಿಂತ ದೊಡ್ಡ ಹೆಗ್ಗುರುತು ಇನ್ನೊಂದಿಲ್ಲ.

ಅಪ್ಪಯ್ಯನ ಆ ವರ್ಷಗಳಲ್ಲಿ ಕಷ್ಟದ ದಿನಗಳೂ ಇದ್ದವು. 1960ರ ದಶಕದ ಕೊನೆಗೆ ಊರಿನಲ್ಲಿ ದಕ್ಷಿಣದವರ ವಿರುದ್ಧ ಅಲೆಯೆದ್ದಿತ್ತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಒಂದು ಮಧ್ಯಾಹ್ನ ಧಣಿಗಳು ಶಟರ್ ಎಳೆದು ಹುಡುಗರನ್ನು ಹಿಂದಿನಿಂದ ಕಳಿಸಿದರಂತೆ. "ಕನ್ನಡ ಮಾತಾಡ್ಬೇಡಿ, ಓಡ್ಬೇಡಿ, ಗಿರಾಕಿಗಳ್ ಕಣೆಂಗ್ ಅಂಗಡಿ ಕಾಣ್ತಾ ಹೋಯ್ನಿ." ಹಾಗೆ ಗಾಜಿನ ಕಪಾಟುಗಳನ್ನು ನೋಡುತ್ತ, ಕೊಳ್ಳುವವರಂತೆ ನಟಿಸುತ್ತ, ಕಮಾನಿನ ಅಡಿಯೇ ಬೋರಿಬಂದರು ಸೇರಿದರು.

ಈ ಕಥೆ ಕೇಳಿ ಬೆಳೆದವನಿಗೆ ರಸ್ತೆಯ ದಕ್ಷಿಣದ ತುದಿ ಸುಲಭದ ಜಾಗವಲ್ಲ. ಅಲ್ಲಿ ಎರಡು ಸ್ಮಾರಕಗಳು ಅಕ್ಕಪಕ್ಕ. ಒಂದು ಫ್ಲೋರಾ ಫೌಂಟನ್, 1864ರದ್ದು, ಹಳೆಯ ಚರ್ಚ್ ಗೇಟ್ ಇದ್ದ ಜಾಗ. ನಾರ್ಮನ್ ಶಾ ವಿನ್ಯಾಸ, ಜೇಮ್ಸ್ ಫೋರ್ಸಿತ್ ಕೆತ್ತನೆ, ಇಂಗ್ಲೆಂಡಿನಿಂದ ಬಂದ ಪೋರ್ಟ್‌ಲ್ಯಾಂಡ್ ಕಲ್ಲು. ಖರ್ಚಾದ 47,000 ರೂಪಾಯಿಯಲ್ಲಿ 20,000 ಕೊಟ್ಟವರು ಪಾರ್ಸಿ ದಾನಿ ಕರ್ಸೆಟ್‌ಜಿ ಫರ್ದೂನ್‌ಜಿ ಪಾರೇಖ್. ಬೈಕಲಾದ ತೋಟದಲ್ಲಿಡಬೇಕೆಂದಿದ್ದದ್ದು ಇಲ್ಲಿಗೆ ಬಂತು. ಮುದ್ದಾದ ವಸ್ತು. ನೀರು ಹರಿಯುತ್ತಿರುವಾಗ ಚಂದ.

ಇನ್ನೊಂದು ಹುತಾತ್ಮ ಸ್ಮಾರಕ. ದೀವಟಿಗೆ ಹಿಡಿದ ರೈತ ಮತ್ತು ಕಾರ್ಮಿಕ. 1955ರ ನವೆಂಬರ್ 21ರಂದು ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಇಲ್ಲಿ ಸೇರಿದ ಜನರ ಮೇಲೆ ಗೋಲಿಬಾರ್ ಆಯಿತು. ಆ ಚಳವಳಿಯಲ್ಲಿ ಒಟ್ಟು ನೂರಕ್ಕಿಂತ ಹೆಚ್ಚು ಜನ ಸತ್ತರು. ಮುಂಬಯಿ ಮಹಾರಾಷ್ಟ್ರಕ್ಕೇ ಬೇಕು ಎಂದವರು, ಅದರ ಜೊತೆಗೆ ಬೆಳಗಾವಿ, ಕಾರವಾರ, ನಿಪ್ಪಾಣಿಯೂ ಬೇಕು ಎಂದವರು. ನಾವು ಮುಂಬಯಿ ಕನ್ನಡಿಗರು ಈ ಸ್ಮಾರಕದ ಬಗ್ಗೆ ಬರೆಯುವುದಿಲ್ಲ. ಪ್ರವಾಸಕಥನದಲ್ಲಿ ಫ್ಲೋರಾ ಫೌಂಟನ್ ಬರುತ್ತದೆ, ಮೂವತ್ತು ಹೆಜ್ಜೆಯಾಚೆಯದು ಬರುವುದಿಲ್ಲ. ಗೈಡ್ ಹುಡುಗಿ ಫೌಂಟನ್ನಿಗೆ ಹದಿನೈದು ನಿಮಿಷ, ಸ್ಮಾರಕಕ್ಕೆ ಒಂದು ವಾಕ್ಯ ಕೊಟ್ಟಳು. ಅವಳನ್ನು ಆಕ್ಷೇಪಿಸುವ ಬಾಯಿ ನನಗಿಲ್ಲ, ನಾವು ಅದನ್ನೂ ಕೊಟ್ಟವರಲ್ಲ.

ಬೆಳಗಾವಿಯ ವಿಷಯದಲ್ಲಿ ನನ್ನ ನಿಲುವು ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಆದರೆ 1956ರ ನವೆಂಬರ್ 1ರಂದು ನಮ್ಮ ಏಕೀಕರಣ ಆದದ್ದೂ, ಅವರು ಇಲ್ಲಿ ಗುಂಡಿಗೆ ಎದೆಕೊಟ್ಟದ್ದೂ ಒಂದೇ ಆಸೆಯಿಂದ. ನಮ್ಮ ಮಾತಾಡುವವರ ಸರ್ಕಾರ ನಮಗೆ ಬೇಕು ಎಂಬ ಆಸೆ. ನಮಗೆ ಆ ದಿನ ಸಿಕ್ಕಿತು, ಅವರು 1960ರ ಮೇ 1ರವರೆಗೆ ಕಾಯಬೇಕಾಯಿತು. ಸತ್ತವರಲ್ಲಿ ಗಿರಣಿ ಕಾರ್ಮಿಕರಿದ್ದರು, ವಿದ್ಯಾರ್ಥಿಗಳಿದ್ದರು. ರಾತ್ರಿಶಾಲೆಗೆ ಹೋಗುತ್ತಿದ್ದ ವಯಸ್ಸಿನವರು. ಈ ಕಡೆ ಕಲ್ಲು ಬಿದ್ದ ನೆನಪು, ಆ ಕಡೆ ಈ ಹೆಸರುಗಳು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬರೆಯುವುದು ಕಷ್ಟ. ಕಷ್ಟವೆಂದೇ ಸುಂದರವಾದ ನೀರಿನ ಬುಗ್ಗೆಯ ಕಡೆ ತಿರುಗಿಕೊಳ್ಳುತ್ತೇವೇನೋ. ಅಪ್ಪಯ್ಯ ಮಾತ್ರ ಹಾಗೆ ಮಾಡಿದವರಲ್ಲ. ಪ್ರತಿ ಮೇ 1ಕ್ಕೆ ಅಲ್ಲಿಗೆ ಹೋಗಿ ಕೈಮುಗಿದು ಬರುತ್ತಿದ್ದರಂತೆ. ಯಾಕೆ ಎಂದು ಕೇಳಿದರೆ, "ಸತ್ತದ್ದ್ ಹುಡ್ಗ್ರ್ ಅಲ್ದಾ" ಎನ್ನುತ್ತಾರೆ.

ಸಂರಕ್ಷಣೆಯ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. 1995ರಲ್ಲಿ ಮುಂಬಯಿ ಪಾರಂಪರಿಕ ಕಟ್ಟಡಗಳ ನಿಯಮ ತಂದಾಗ ಈ ಇಡೀ ರಸ್ತೆಯನ್ನೇ ಒಂದು ಘಟಕವಾಗಿ ಪಟ್ಟಿಗೆ ಸೇರಿಸಿದರು. ಬಿಡಿ ಕಟ್ಟಡವಲ್ಲ, ಸಾಲು ಮುಖ್ಯ ಎಂಬ ತಿಳುವಳಿಕೆ ಅದರಲ್ಲಿತ್ತು. ಆ ಬಳಿಕ ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಕೈಗೆತ್ತಿಕೊಂಡ ಕೆಲಸ ನನಗೆ ಬಹಳ ಹಿಡಿಸಿದ್ದು. ಕಮಾನುಗಳನ್ನು ಅಡ್ಡಡ್ಡ ಮುಚ್ಚಿದ್ದ ಬೋರ್ಡುಗಳನ್ನು ಅಂಗಡಿಯವರನ್ನು ಒಪ್ಪಿಸಿ ಇಳಿಸಿ, ಕಮಾನಿನ ಆಕಾರಕ್ಕೆ ಹೊಂದುವಂತೆ ಮತ್ತೆ ಹಾಕಿಸಿದ್ದು. ಯುನೆಸ್ಕೊ 2004ರಲ್ಲಿ ಅದನ್ನು ಗೌರವಿಸಿತು. ಅಂಗಡಿಯವರೂ ರಸ್ತೆಯ ಪಾಲುದಾರರು ಎಂದುಕೊಂಡದ್ದೇ ಅದರ ದೊಡ್ಡತನ. ನನ್ನ ಅತೃಪ್ತಿ ಒಂದೇ. ಬೋರ್ಡಿಗೆ ನಿಯಮ ಸಿಕ್ಕಿತು, ಕಂಬಕ್ಕೆ ಆನಿಸಿಕೊಂಡು ಪೆನ್ನು, ಬೆಲ್ಟು, ಹಳೆಯ ಪುಸ್ತಕ ಮಾರುವವನಿಗೆ ಸಿಗಲಿಲ್ಲ. ಅವನು ಇಂದಿಗೂ ಪಾಲಿಕೆಯ ಗಾಡಿ ಬಂದರೆ ಗಂಟು ಕಟ್ಟುತ್ತಾನೆ. ಅವನಿಂದ ನಡೆಯಲು ತೊಂದರೆ ಇಲ್ಲವೆನ್ನುವುದಿಲ್ಲ, ನಾನೇ ಎಷ್ಟು ಸಲ ಬೈದುಕೊಂಡಿದ್ದೇನೆ. ಆದರೂ ದಾರಿ ಬಿಡು ಎಂದು ಕೋಟ್ಯಧೀಶನಿಗೆ ಹೇಳಿ ನಡೆಸಿಕೊಂಡ ರಸ್ತೆಗೆ, ಇವನಿಗೆ ಎರಡು ಅಡಿ ಗುರುತು ಮಾಡಿಕೊಡುವುದು ಅಷ್ಟು ಕಷ್ಟವೆ?

ಮಾರ್ಚ್‌ನಲ್ಲಿ ಅಪ್ಪಯ್ಯನನ್ನು ಕರೆದುಕೊಂಡು ಹೋದೆ. ಮೊಣಕಾಲು ನೋವು, ಕೋಲು ಹಿಡಿದಿದ್ದರು. ತಲೆ ಎತ್ತಿ ನೋಡಿ ಎಂದು ನಾನೂ ಹೇಳಿದೆ. ನೋಡಿದರು, "ಲಾಯ್ಕಿತ್ತ್" ಎಂದರು. ಮತ್ತೆ ಕಂಬಗಳನ್ನು ಎಣಿಸುತ್ತ ನಡೆದರು. ತಲೆ ಬಾಚಿಕೊಳ್ಳುತ್ತಿದ್ದ ಗಾಜು ಇದೇ ಇರಬೇಕು ಎಂದು ಮೊಬೈಲ್ ಅಂಗಡಿಯೊಂದರ ಮುಂದೆ ನಿಂತರು. ಸ್ವಲ್ಪ ದೂರ ಹೋದಮೇಲೆ ಒಂದು ಕಟ್ಟಡದ ಬಾಗಿಲಿನ ಪಕ್ಕ, ಕಮಾನಿನ ನೆರಳಿನಲ್ಲಿದ್ದ ಕಲ್ಲಿನ ಮೆಟ್ಟಿಲ ಮೇಲೆ ಕುಳಿತರು. ಎರಡು ನಿಮಿಷವೂ ಆಗಿರಲಿಲ್ಲ. ಒಳಗಿನಿಂದ ಸೆಕ್ಯುರಿಟಿಯವನು ಬಂದು, ಇಲ್ಲಿ ಕೂರುವ ಹಾಗಿಲ್ಲ ಎಂದ. ಮೆತ್ತಗೇ ಹೇಳಿದ, ಅವನೂ ಯಾವುದೋ ಊರಿನಿಂದ ಬಂದವನೇ.

ನನಗೆ ಸಿಟ್ಟು ಬಂತು. ಜಗಲಿಯ ಬಗ್ಗೆ ಇಷ್ಟೆಲ್ಲ ಬರೆದುಕೊಂಡಿದ್ದೆ. ಅಪ್ಪಯ್ಯ ಕೋಲೂರಿ ಎದ್ದರು.

"ಆಗ್ಳೂ ಕೂಕಂಬುಕೆ ಬಿಡ್ತಿರ್ಲಿಲ್ಲ ಮಗಾ," ಎಂದರು. "ನಡುಕೆ ಮಾತ್ರ."

ಬೋರಿಬಂದರಿನವರೆಗೆ ಇನ್ನೂ ನಲವತ್ತು ಕಂಬ ಇದ್ದಿರಬಹುದು. ಮಧ್ಯೆ ಎರಡು ಕಡೆ ಗೋಡೆಗೆ ಒರಗಿ ನಿಂತು ಸುಧಾರಿಸಿಕೊಂಡು, ಹನ್ನೆರಡೂಕಾಲಿನ ಕಲ್ಯಾಣ್ ಸ್ಲೋ ಹಿಡಿದೆವು.